ಹಾಡಿನ ಸುತ್ತ ಬೇಲಿ

ಈ ಸಂಚಿಕೆಯ ಕರಡು ತಿದ್ದುತ್ತಾ ಕೂತಿದ್ದಾಗ ಡಲ್ಲಾಸ್‌ನಲ್ಲಿರುವ ತಮ್ಮನ ಮಗಳು ಫೋನ್ ಮಾಡಿದಳು. ಮಗನಿಗೆ ಹಳೆಯದೊಂದು ಕನ್ನಡ ಸಿನಿಮಾ ಹಾಡು ಕೇಳಿಸೋಣವೆಂದು ಹುಡುಕಿದರೆ, ತಿಂಗಳು ತಿಂಗಳು ದುಡ್ಡು ಕಟ್ಟುವ ಆ್ಯಪ್ ‘ಇದು ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದಿತಂತೆ. “ನಿಮ್ಮ ದೇಶ ಅಂದ್ರೆ ಯಾವ್ದು ದೊಡ್ಡಪ್ಪಾ?” ಎಂದಳು. ಕೆಂಕೆರೆಯ ಜಗಲಿ ಮೇಲೆ ಕೂತಿದ್ದ ನನಗೆ ಮಾತು ಹೊರಡಲಿಲ್ಲ.

ಹೀಗೇಕೆ ಎನ್ನುವುದು ತೆಂಗಿನ ಸೀಮೆಯವರಿಗೆ ಬೇಗ ತಿಳಿಯುತ್ತದೆ. ಒಂದೇ ತೋಟದ ಮೂಡಲ ತಾಕು ಒಬ್ಬನಿಗೆ, ಪಡುವಲ ತಾಕು ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟಂತೆ ಹಾಡಿನ ಹಕ್ಕನ್ನೂ ದೇಶದೇಶಕ್ಕೆ ಬಿಡಿಬಿಡಿಯಾಗಿ ಕೊಡುತ್ತಾರೆ. ಗುತ್ತಿಗೆದಾರ ಬಾರದ ತಾಕಿನಲ್ಲಿ ಕಾಯಿ ಉದುರಿ ಮೊಳೆತು ಹಾಳಾಗುತ್ತದೆ, ಬೇಲಿ ಮಾತ್ರ ಹಾಗೇ ನಿಂತಿರುತ್ತದೆ. ಕೇಳುವವರು ಕಡಿಮೆ ಎಂದು ವ್ಯಾಪಾರಿಗೆ ಅನ್ನಿಸಿದ ಭಾಷೆಗೆ ಹೊರದೇಶದಲ್ಲಿ ಆಗುವುದು ಇದೇ.

ಬೇಲಿ ಹೊಸದೇನಲ್ಲ. ಇಲ್ಲಿಂದ ಒಯ್ದ ವಿಡಿಯೊ ಕ್ಯಾಸೆಟ್ಟು ಅಮೆರಿಕದ ಟಿವಿಯಲ್ಲಿ ಓಡುತ್ತಿರಲಿಲ್ಲ. ನಮ್ಮ ಟಿವಿಯ ಪದ್ಧತಿ ಪಾಲ್, ಅವರದು ಎನ್‌ಟಿಎಸ್‌ಸಿ. ಡಿವಿಡಿ ಬಂದಮೇಲೆ ಅಮೆರಿಕಕ್ಕೆ 1, ಭಾರತಕ್ಕೆ 5 ಎಂದು ವಲಯದ ನಂಬರು ಹಾಕಿದರು. ಆಡಿಯೊ ಕ್ಯಾಸೆಟ್ಟೊಂದೇ, ಪುಣ್ಯಕ್ಕೆ, ಯಾವ ದೇಶದ ಟೇಪ್‌ರೆಕಾರ್ಡರಿನಲ್ಲಿ ಹಾಕಿದರೂ ಹಾಡುತ್ತಿತ್ತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ, 1978ರ ‘ನಿತ್ಯೋತ್ಸವ’ ಚಟ್ನಿಪುಡಿಯ ಪೊಟ್ಟಣದ ಪಕ್ಕದಲ್ಲೇ ಕೂತು ಕಡಲು ದಾಟಿದ್ದು ಹಾಗೆ.

ಈಗ ಕೆಲವರು ವಿಪಿಎನ್ ಹಾಕಿ ಫೋನು ಬೆಂಗಳೂರಿನಲ್ಲೇ ಇರುವಂತೆ ತೋರಿಸುತ್ತಾರೆ. ಕೆಲವರು ಊರಿನ ಅಣ್ಣನ ನಂಬರಿನಲ್ಲಿ ಖಾತೆ ಇಟ್ಟುಕೊಂಡಿದ್ದಾರೆ. ರಜೆಗೆ ಬಂದಾಗ ಪೆನ್‌ಡ್ರೈವ್ ತುಂಬಿಸಿಕೊಂಡು ಹೋಗುವವರೂ ಇದ್ದಾರೆ. ನಮ್ಮ ಹುಡುಗಿಗೆ ಕಳ್ಳದಾರಿ ಬೇಡ. “ದುಡ್ಡು ಕೊಡ್ತೀನಿ, ಯಾರಿಗೆ ಕೊಡ್ಲಿ ಹೇಳಿ” ಎನ್ನುತ್ತಾಳೆ. ಇಂಥ ಪರದಾಟ ಹಿಂದೆಯೂ ಇತ್ತು. 1950ರ ದಶಕದಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಯಾಗಿದ್ದಾಗ ಆಕಾಶವಾಣಿ ಸಿನಿಮಾ ಹಾಡನ್ನು ದೂರವಿಟ್ಟಿತು. ಕೇಳುಗರು ರೇಡಿಯೊ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಆಕಾಶವಾಣಿಯೇ 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ಕೇಳುಗರು ಬಳಸುದಾರಿ ಹಿಡಿದಿದ್ದಾರೆ ಎಂದರೆ ಅಲ್ಲೊಂದು ಬಾಗಿಲು ಬೇಕಾಗಿದೆ ಎಂದೇ ಅರ್ಥ. ಕನ್ನಡ ಹಾಡಿನ ಒಡೆಯರು ಇಡೀ ಲೋಕದ ಹಕ್ಕನ್ನು ಒಂದೇ ಕರಾರಿನಲ್ಲಿ ಬರೆದುಕೊಡಲಿ. ತಾಕು ಬೀಳುಬಿಟ್ಟು ಯಾರಿಗೂ ಲಾಭವಿಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಕಾಲದ ಬೇಲಿ. ತಿಪಟೂರಿನ ನರಸಿಂಹರಾಜು ನಟಿಸಿದ ‘ಬೇಡರ ಕಣ್ಣಪ್ಪ’ 1954ರದು. ಆ ವರ್ಷ ಪ್ರಕಟವಾದ ಯಾವ ಗ್ರಾಮಫೋನ್ ತಟ್ಟೆಯನ್ನೇ ತೆಗೆದುಕೊಳ್ಳಿ: ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ 2014ರ ಕೊನೆಗೆ ಮುಗಿಯಿತು. ಸಾಹಿತ್ಯ, ರಾಗಸಂಯೋಜನೆಯ ಹಕ್ಕು ಬೇರೆ; ಅದು ಬರೆದವರು, ರಾಗ ಹಾಕಿದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಆದರೆ ಅಮೆರಿಕ 2018ರಲ್ಲಿ ಮಾಡಿದ ಕಾಯಿದೆ 1947ರಿಂದ 1956ರವರೆಗಿನ ಮುದ್ರಣಗಳಿಗೆ 110 ವರ್ಷ ಕೊಟ್ಟಿದೆ. ಅದೇ ತಟ್ಟೆ ಅಲ್ಲಿ ಬಿಡುಗಡೆಯಾಗುವುದು 2064 ಕಳೆದ ಮೇಲೆ. 1957ರಿಂದ 1972ರ ಫೆಬ್ರವರಿ ನಡುವಿನದಾದರೆ 2067ರವರೆಗೆ ಕಾಯಬೇಕು. ಕೆಂಕೆರೆಯಲ್ಲಿ ಹಕ್ಕಿನ ಹಂಗು ಕಳಚಿಕೊಂಡ ದನಿ ಡಲ್ಲಾಸ್‌ನಲ್ಲಿ ಆ ಮಗುವಿಗೆ ಮೊಮ್ಮಕ್ಕಳಾಗುವ ಹೊತ್ತಿಗೆ ಬಿಡುಗಡೆ!

ಅಲ್ಲಿಯವರೆಗೆ ಆ ದನಿ ಇಲ್ಲಾದರೂ ಉಳಿದಿರಬೇಕಲ್ಲ. ಹತ್ತು ಹನ್ನೊಂದು ತಿಂಗಳು ಕಾಯಿ ಒಣಗಿ ಉಂಡೆ ಕೊಬ್ಬರಿಯಾಗುವ ನಮ್ಮ ಅಟ್ಟಗಳ ಮೂಲೆಯಲ್ಲೇ ಅಜ್ಜಂದಿರ ಕಾಲದ ತಟ್ಟೆಗಳೂ ಬಿದ್ದಿವೆ. ನಮ್ಮ ಮನೆಯಲ್ಲಿ ಸಿಕ್ಕ ಮೂರರಲ್ಲಿ ಒಂದು ಬಿರುಕು ಬಿಟ್ಟಿದೆ. ಓದುಗರಲ್ಲಿ ಕೇಳಿಕೊಳ್ಳುತ್ತೇನೆ: ಸಿಕ್ಕ ತಟ್ಟೆಯ ಮೇಲಿನ ಚೀಟಿಯಲ್ಲಿ ಹಾಡು, ಹಾಡಿದವರ ಹೆಸರು, ನಂಬರು ಏನಿದೆಯೋ ಅದನ್ನು ಬರೆದು ಕಳಿಸಿ. ಅರಗಿನ ತಟ್ಟೆ, ಬಿಸಿಲಿಗೆ ಸೊಟ್ಟಗಾಗುತ್ತದೆ, ಬಿದ್ದರೆ ಒಡೆಯುತ್ತದೆ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿ ಇಡಿ.