ಎರಡನೆಯ ಪೀಠ ಯಾರದು?

ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಪ್ರಥಮ ಉಪ ವ್ಯವಸ್ಥಾಪಕ ನಿರ್ದೇಶಕರ ಪದವಿಗೆ 2022ರಲ್ಲಿ ಶ್ರೀಮತಿ ಗೀತಾ ಗೋಪಿನಾಥರು ಬಂದಾಗ, ಅವರು ಬೆಳೆದ ಮೈಸೂರು ಹಿಗ್ಗಿತು, ಹಿಗ್ಗತಕ್ಕದ್ದೇ ಸರಿ. ಅವರ ವಿದ್ವತ್ತಿನ ವಿಷಯದಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಆದರೆ ಆ ಪೀಠವು ಭಾರತಕ್ಕೆ ಸಂದಿತೆಂದು ಸಂಭ್ರಮಿಸಿದವರೊಡನೆ ನಾವು ಸಮ್ಮತಿಸಲಾರೆವು. ಅವರು ಅಮೆರಿಕದ ಪ್ರಜೆ. ಪೀಠವೂ ಅಮೆರಿಕದ ಪಾಲಿನದೇ.

ನಿಧಿಯ ನಿಬಂಧನೆಗಳಲ್ಲಿ ಹೀಗೆಂದು ಎಲ್ಲಿಯೂ ಬರೆದಿಲ್ಲ. ಆದರೂ ಮೊದಲ ಸ್ಥಾನ ಯೂರೋಪಿನವರಿಗೆ, 1994ರಲ್ಲಿ ಏರ್ಪಟ್ಟ ಈ ಎರಡನೆಯ ಸ್ಥಾನ ಅಮೆರಿಕದವರಿಗೆ ಎಂಬ ರೂಢಿಯು ಶಾಸನಕ್ಕಿಂತಲೂ ಬಿಗಿಯಾಗಿ ನಡೆದುಬಂದಿದೆ. ಉಪನಾಯಕತ್ವವು ಬರಿಯ ಅಲಂಕಾರವೆಂದು ವಾಚಕರು ಭಾವಿಸಕೂಡದು. ಮುಖ್ಯಸ್ಥರಿಲ್ಲದಾಗ ಕಾರ್ಯಕಾರಿ ಮಂಡಲಿಯ ಅಧ್ಯಕ್ಷತೆ ಇವರದು. ಸಾಲಬೇಡುವ ರಾಷ್ಟ್ರಗಳ ಹಣೆಬರಹವನ್ನು ತಿದ್ದುವ ವರದಿಗಳು ಇವರ ಕಣ್ಣ ಮುಂದೆ ಹಾಯುತ್ತವೆ. 2004ರಲ್ಲಿ ಆನ್ ಕ್ರೂಗರ್, 2011ರಲ್ಲಿ ಜಾನ್ ಲಿಪ್ಸ್ಕಿ, 2019ರಲ್ಲಿ ಡೇವಿಡ್ ಲಿಪ್ಟನ್ ಇವರು ಕೆಲಕಾಲ ನಿಧಿಯನ್ನೇ ನಡೆಸಿದರು. ಮೂವರಲ್ಲಿ ಒಬ್ಬರಿಗೂ ಆ ಸ್ಥಾನ ಕಾಯಂ ಆಗಲಿಲ್ಲ. ಅದು ಯೂರೋಪಿನ ಸ್ವತ್ತಲ್ಲವೆ!

1944ರಲ್ಲಿ ಬ್ರೆಟನ್ ವುಡ್ಸಿನಲ್ಲಿ ನಿಧಿಯ ಕರಡು ಸಿದ್ಧವಾದಾಗ 44 ರಾಷ್ಟ್ರಗಳ ಪಂಕ್ತಿಯಲ್ಲಿ ಪರತಂತ್ರ ಭಾರತವೂ ಕುಳಿತಿತ್ತು. ಸ್ವತಂತ್ರ ಭಾರತದ ಪಾಲು ಇಂದಿಗೂ ನೂರಕ್ಕೆ ಸುಮಾರು 2.75. ಮಹತ್ವದ ತೀರ್ಮಾನಗಳಿಗೆ ನೂರಕ್ಕೆ 85 ಮತ ಬೇಕು; 16ಕ್ಕೂ ಮೀರಿದ ಮತವುಳ್ಳ ಅಮೆರಿಕವೊಂದೇ ಅವನ್ನು ತಡೆಯಬಲ್ಲದು.

2025ರಲ್ಲಿ ಗೀತಾ ಅವರು ಹಾರ್ವರ್ಡಿಗೆ ಮರಳಿದರು. ಅಮೆರಿಕದ ಖಜಾನೆಯ ಅಧಿಕಾರಿ ಡಾನ್ ಕಾಟ್ಸ್ ಅವರ ಸ್ಥಾನಕ್ಕೆ ಬಂದರು. ಮುಂದೆ ಪೀಠ ತೆರವಾದಾಗ ದಿಲ್ಲಿಯ ಸರ್ಕಾರವು ಹೆಸರುಗಳನ್ನು ಸೂಚಿಸುವುದಕ್ಕೆ ಮೊದಲು ಈ ರೂಢಿಯನ್ನೇ ಮಂಡಲಿಯ ಮುಂದೆ ಬಹಿರಂಗವಾಗಿ ಪ್ರಶ್ನಿಸಬೇಕೆಂದು ನಾವು ಒತ್ತಾಯಿಸುತ್ತೇವೆ.