ಡೆಸಿಬಲ್ ಲೆಕ್ಕಕ್ಕಿಂತ ಮೊದಲು ತಾರಸಿಯ ಲೆಕ್ಕ

ನಲವತ್ತೈದು ದಾಟಿದ ಓದುಗರಿಗೆಲ್ಲ ದಿಕ್ಕಿನ ಆಂಟೆನಾ ಗೊತ್ತು. ಅದಕ್ಕೆ ಹಾಗನ್ನುತ್ತಾರೆ ಎಂಬುದಷ್ಟೇ ಗೊತ್ತಿಲ್ಲದಿರಬಹುದು. ದೂರದರ್ಶನದ ಕಾಲದಲ್ಲಿ ಮಾಳಿಗೆಯ ಮೇಲೆ ಅಣ್ಣ ಪೈಪು ತಿರುಗಿಸುತ್ತಿದ್ದ, ಕೆಳಗಿನಿಂದ ನಾವು ‘ಬಂತು, ಬಂತು... ಹೋಯ್ತು!’ ಎಂದು ಕೂಗುತ್ತಿದ್ದೆವು. ಮೀನಿನ ಮುಳ್ಳಿನಂತಿದ್ದ ಆ ಅಲ್ಯೂಮಿನಿಯಂ ಸರಂಜಾಮೇ ಯಾಗಿ ಆಂಟೆನಾ. ಅದು ಒಂದು ಕಡೆಗೆ ಕಿವಿಗೊಡುತ್ತದೆ, ಉಳಿದ ಕಡೆಗೆ ಕಿವುಡಾಗುತ್ತದೆ.

ಹವ್ಯಾಸಿ ರೇಡಿಯೊದವರಾದ ನಮಗೆ, ಅಂದರೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿ ಪಡೆದ ಹ್ಯಾಮ್‌ಗಳಿಗೆ, ಈ ಆಂಟೆನಾ ಮೇಲೆ ವಿಪರೀತ ಪ್ರೀತಿ. ಇಬ್ಬರು ಹ್ಯಾಮ್‌ಗಳು ಸೇರಿದರೆ ಮಾತು ‘ನಿನ್ನದಕ್ಕೆ ಗೇನ್ ಎಷ್ಟು?’ ಎಂಬಲ್ಲಿಗೆ ಬರುತ್ತದೆ. ನನ್ನ ತಕರಾರು ಇರುವುದು ಈ ಪ್ರಶ್ನೆಯ ಮೇಲೆಯೇ. ನಗರದ ಫ್ಲ್ಯಾಟಿನಲ್ಲಿರುವ ಹ್ಯಾಮ್ ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. ಇದನ್ನೇ ಮೊದಲು ಕೇಳಿ ಎಷ್ಟೋ ಹೊಸಬರು ಹವ್ಯಾಸವನ್ನೇ ಬಿಟ್ಟಿದ್ದಾರೆ.

ನಾನೂ ಆ ತಪ್ಪು ಮಾಡಿದವನೇ. ಪುಣೆಯ ನಮ್ಮ ಸೊಸೈಟಿಯ ತಾರಸಿಯಲ್ಲಿ 28 ಮೆಗಾಹರ್ಟ್ಸ್‌ಗೆಂದು ಮೂರು ಕಡ್ಡಿಗಳ ಯಾಗಿ ನಿಲ್ಲಿಸಿದೆ. ಒಂದೊಂದು ಕಡ್ಡಿಯೂ ಐದು ಮೀಟರ್ ಆಸುಪಾಸು. ತಿರುಗಿಸಿದರೆ ತುದಿ ಪ್ಯಾರಪೆಟ್ ದಾಟಿ ಪಕ್ಕದ ಕಟ್ಟಡದ ಕಡೆ ಚಾಚುತ್ತಿತ್ತು. ಮೇ ತಿಂಗಳ ಕೊನೆಯ ಬಿರುಗಾಳಿಗೆ ಒಂದು ಕಡ್ಡಿ ಬಾಗಿ ನೀರಿನ ಟ್ಯಾಂಕಿಗೆ ಒರಗಿತು. ಮರುದಿನವೇ ಸೆಕ್ರೆಟರಿ ಬಾಗಿಲಿಗೆ ಬಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಿದ್ದಿದ್ದರೆ ಯಾರದೋ ತಲೆ ಮೇಲೆ ಬೀಳುತ್ತಿತ್ತು.

ಹಾಗಾದರೆ ಆಯ್ಕೆಗಳೇನು? ಪ್ರತಿ ವಿನ್ಯಾಸವೂ ಒಂದೊಂದು ಕಷ್ಟಕ್ಕೆ ಉತ್ತರವಾಗಿ ಹುಟ್ಟಿದ್ದು.

ಯಾಗಿ ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ಕೂಸು. 1926ರ ಸುಮಾರಿಗೆ ಅದರ ಬಹುಪಾಲು ಕೆಲಸ ಮಾಡಿದವರು ಶಿಂಟಾರೊ ಉಡಾ. 1928ರಲ್ಲಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಜಗತ್ತಿಗೆ ತಿಳಿಸಿದವರು ಹಿರಿಯ ಸಹೋದ್ಯೋಗಿ ಹಿಡೆಟ್ಸುಗು ಯಾಗಿ. ಹೆಸರು ಹಿರಿಯರದೇ ಉಳಿಯಿತು. ಇದರಲ್ಲಿ ಕೇಬಲ್ ಸೇರುವುದು ಒಂದೇ ಕಡ್ಡಿಗೆ. ಹಿಂದಿನ ತುಸು ಉದ್ದದ ಕಡ್ಡಿ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಗಿಡ್ಡ ಕಡ್ಡಿ ಎಳೆದುಕೊಳ್ಳುತ್ತದೆ. ಸರಳ, ಅಗ್ಗ, ಸಮರ್ಥ. ಆದರೆ ಅಗಲಕ್ಕೆ ಜಾಗ ಬೇಕು: 14 ಮೆಗಾಹರ್ಟ್ಸ್‌ಗಾದರೆ ಒಂದು ಕಡ್ಡಿಯೇ ಹತ್ತು ಮೀಟರ್.

ಕ್ವಾಡ್ ಹುಟ್ಟಿದ್ದು ಎಕ್ವಡಾರ್‌ನ ಕೀಟೊದಲ್ಲಿ, 1940ರ ದಶಕದ ಆರಂಭದಲ್ಲಿ. ಸಮುದ್ರಮಟ್ಟದಿಂದ 2,800 ಮೀಟರ್ ಎತ್ತರದ ಆ ಊರಿನ ತೆಳು ಗಾಳಿಯಲ್ಲಿ ಎಚ್‌ಸಿಜೆಬಿ ಬಾನುಲಿ ಕೇಂದ್ರದ ಆಂಟೆನಾ ಕಡ್ಡಿಗಳ ತುದಿಯಲ್ಲಿ ಕಿಡಿ ಹೊತ್ತಿ ಲೋಹವೇ ಕರಗುತ್ತಿತ್ತು. ಎಂಜಿನಿಯರ್ ಕ್ಲಾರೆನ್ಸ್ ಮೂರ್ ಅವರ ಪರಿಹಾರ: ತುದಿಯೇ ಇಲ್ಲದ ಆಂಟೆನಾ, ಅಂದರೆ ತಂತಿಯ ಚೌಕ. ಅಷ್ಟೇ ಉದ್ದದ ಯಾಗಿಗಿಂತ ಗೇನ್ ತುಸು ಹೆಚ್ಚು. ಆದರೆ ಎತ್ತರಕ್ಕೂ ಅಗಲಕ್ಕೂ ಹರಡಿದ ಈ ಪಂಜರವನ್ನು ನಮ್ಮ ಮಳೆಗಾಳಿಯಲ್ಲಿ ನಿಲ್ಲಿಸಿ ನೋಡಿ!

ಲಾಗ್ ಪೀರಿಯಾಡಿಕ್ 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂತು. ಎಷ್ಟೋ ಬ್ಯಾಂಡುಗಳನ್ನು ಒಂದೇ ಆಂಟೆನಾ ನಿಭಾಯಿಸುತ್ತದೆ. ಅದಕ್ಕೆ ತೆರುವ ಬೆಲೆ ತೂಕ: ಇರುವ ಕಡ್ಡಿಗಳಲ್ಲಿ ಯಾವುದೇ ಹೊತ್ತಿಗೆ ದುಡಿಯುವುದು ಕೆಲವು ಮಾತ್ರ.

ಕೊನೆಯದು ಮಾಕ್ಸನ್ ಆಯತ. ಬ್ರಿಟಿಷ್ ಹ್ಯಾಮ್ ಲೆಸ್ ಮಾಕ್ಸನ್ ಎರಡು ಕಡ್ಡಿಗಳ ತುದಿಗಳನ್ನು ಪರಸ್ಪರ ಎದುರಾಗುವಂತೆ ಮಡಚಿ, ನಡುವೆ ಚಿಕ್ಕ ಸಂದು ಬಿಟ್ಟರು. ಅಗಲ ಕಾಲುಭಾಗಕ್ಕೂ ಹೆಚ್ಚು ಇಳಿಯಿತು. 28 ಮೆಗಾಹರ್ಟ್ಸ್‌ಗೆ ಇದು ಸುಮಾರು 3.9 ಮೀಟರ್ ಅಗಲ, 1.4 ಮೀಟರ್ ಆಳ. 145 ಮೆಗಾಹರ್ಟ್ಸ್‌ಗಾದರೆ ಮುಕ್ಕಾಲು ಮೀಟರ್ ಅಗಲ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನಷ್ಟೇ.

ಈಗ ಗೇನ್ ಲೆಕ್ಕಕ್ಕೆ ಬರೋಣ. ಸಾದಾ ಡೈಪೋಲ್‌ಗಿಂತ ಮಾಕ್ಸನ್ ಸುಮಾರು 4 ಡೆಸಿಬಲ್ ಮುಂದೆ, ಮೂರು ಕಡ್ಡಿಯ ಯಾಗಿ ಐದೂವರೆಯಷ್ಟು ಮುಂದೆ. ವ್ಯತ್ಯಾಸ ಒಂದೂವರೆ ಡೆಸಿಬಲ್. ರಿಸೀವರ್ ಮೀಟರಿನ ಒಂದು ‘ಎಸ್’ ಅಂಕಕ್ಕೆ 6 ಡೆಸಿಬಲ್ ಬೇಕು. ಅಂದರೆ ನಾವು ಗಂಟೆಗಟ್ಟಲೆ ವಾದಿಸುವುದು ಮುಳ್ಳಿನ ಕಾಲು ಮನೆಯ ಜರುಗಾಟಕ್ಕೆ. ಅದೇ ಹೊತ್ತಿಗೆ 145 ಮೆಗಾಹರ್ಟ್ಸ್‌ನಲ್ಲಿ ತಾರಸಿಯಿಂದ ಮೂರನೇ ಮಹಡಿಗೆ ತೆಳುವಾದ ಆರ್‌ಜಿ-58 ಕೇಬಲ್ ಮೂವತ್ತು ಮೀಟರ್ ಇಳಿಬಿಟ್ಟರೆ, ಮುಕ್ಕಾಲು ಪಾಲು ಶಕ್ತಿ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುತ್ತದೆ. ಯಾಗಿ ಗಳಿಸಿದ್ದನ್ನು ಕೇಬಲ್ ನುಂಗಿದ ಮೇಲೆ ಹೆಮ್ಮೆ ಯಾತರದು?

ನಗರದಲ್ಲಿ ಗೇನ್‌ಗಿಂತ ದೊಡ್ಡ ಪ್ರಶ್ನೆ ಗದ್ದಲ. ಎಲ್‌ಇಡಿ ದೀಪ, ಇನ್ವರ್ಟರ್, ಚಾರ್ಜರ್, ಲಿಫ್ಟಿನ ಮೋಟರು ಎಲ್ಲವೂ ರೇಡಿಯೊದಲ್ಲಿ ಗೊರಗೊರ ಎನ್ನುತ್ತವೆ. ಆದ್ದರಿಂದ ಆಂಟೆನಾ ಮುಂದೆ ಎಷ್ಟು ಕೇಳುತ್ತದೆ ಎಂಬುದಕ್ಕಿಂತ ಹಿಂದಿನದನ್ನು ಎಷ್ಟು ತಡೆಯುತ್ತದೆ ಎಂಬುದು ಮುಖ್ಯ. ಮಾಕ್ಸನ್ ಗೆಲ್ಲುವುದು ಇಲ್ಲಿ: ಸರಿಯಾಗಿ ಕಟ್ಟಿದರೆ ತನ್ನ ಬ್ಯಾಂಡಿನ ನಡುವೆ ಹಿಂದಿನ ಸದ್ದನ್ನು 25 ಡೆಸಿಬಲ್‌ಗೂ ಹೆಚ್ಚು ತಗ್ಗಿಸುತ್ತದೆ. ಗದ್ದಲ ನಾಲ್ಕೂ ಕಡೆಯಿಂದ ಬಂದರೆ ಇದೂ ಪೂರ್ತಿ ಮದ್ದಲ್ಲ, ಒಪ್ಪುತ್ತೇನೆ. ಆದರೆ ಗದ್ದಲದ ಕಟ್ಟಡಕ್ಕೆ ಬೆನ್ನು ತೋರಿಸಿ ನಿಲ್ಲಿಸುವ ಅವಕಾಶವಾದರೂ ಇದೆ.

ಉದ್ದ ಯಾಗಿಯೇ ಬೇಕೆನ್ನುವವರೂ ಇದ್ದಾರೆ, ಅವರು ಹೇಳುವುದೂ ಸುಳ್ಳಲ್ಲ. ಚಂದ್ರನಿಗೆ ಅಲೆ ಬಡಿಸಿ ಮರಳಿ ಕೇಳುವವರಿಗೆ ಅರ್ಧ ಡೆಸಿಬಲ್ ಕೂಡ ಬಂಗಾರ. ಊರಾಚೆ ಸ್ವಂತ ಜಾಗ, ಗೋಪುರ, ಬೀಗಿದ ಗೈ ತಂತಿ ಇದ್ದವರು ದೊಡ್ಡದನ್ನೇ ಹಾಕಲಿ. ಆದರೆ ಅವರ ಅಳತೆಗೋಲನ್ನು ಮಾಟುಂಗದ, ಮಲ್ಲೇಶ್ವರದ, ಸಿಕಂದರಾಬಾದಿನ ಫ್ಲ್ಯಾಟಿನ ಹುಡುಗಿಯ ಕೈಗೆ ಕೊಟ್ಟು ‘ಇದಿಲ್ಲದಿದ್ದರೆ ನೀನು ಹ್ಯಾಮೇ ಅಲ್ಲ’ ಎನ್ನುವುದು ಬೇಡ.

ಇನ್ನೊಂದು ಮಾತು. ವಿಪತ್ತಿನಲ್ಲಿ ನೆರವಾಗುತ್ತೇವೆ ಎಂದು ಹ್ಯಾಮ್‌ಗಳು ಹೇಳಿಕೊಳ್ಳುತ್ತೇವೆ, ಸುಳ್ಳಲ್ಲ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಬಡಿದಾಗ ಅಂಡಮಾನ್‌ನಲ್ಲಿ ಹವ್ಯಾಸಿಗಳ ತಂಡವೊಂದು ಇತ್ತು. ಹೊರಜಗತ್ತಿಗೆ ಸುದ್ದಿ ಮುಟ್ಟಿಸಲು ಆ ರೇಡಿಯೊಗಳು ದುಡಿದವು. ಆದರೆ ಇನ್ನೂರು ಕಿಲೋಮೀಟರ್ ಆಚೆಯ ಜಿಲ್ಲೆಗೆ ಸುದ್ದಿ ತಲುಪಿಸಬೇಕಾದಾಗ ದಿಗಂತ ನೋಡುವ ಯಾಗಿ ಕೆಲಸಕ್ಕೆ ಬರುವುದಿಲ್ಲ. 7 ಮೆಗಾಹರ್ಟ್ಸ್‌ಗೆ ಕೆಳಮಟ್ಟದಲ್ಲಿ ಕಟ್ಟಿದ ಸಾದಾ ತಂತಿಯ ಡೈಪೋಲ್ ಬೇಕು. ಅದು ಅಲೆಯನ್ನು ನೆತ್ತಿಯ ಮೇಲಕ್ಕೆ ಕಳಿಸುತ್ತದೆ, ಅಯಾನುಮಂಡಲ ಅದನ್ನು ಸುತ್ತಲಿನ ಊರುಗಳ ಮೇಲೆ ಚೆಲ್ಲುತ್ತದೆ. ದೂರದ ದೇಶ ಹಿಡಿಯುವ ಆಂಟೆನಾಕ್ಕೆ ಪಕ್ಕದ ಜಿಲ್ಲೆ ಕೇಳದಿರಬಹುದು.

ಹಾಗಾಗಿ ಹೊಸಬರಿಗೆ ನನ್ನ ಸಲಹೆ ಇಷ್ಟೇ. ಗೇನ್ ಕೇಳುವ ಮೊದಲು ಮೂರು ಸಂಗತಿ ಬರೆದಿಟ್ಟುಕೊಳ್ಳಿ: ತಾರಸಿಯಲ್ಲಿ ಎಷ್ಟು ಜಾಗ, ಮಳೆಗಾಲಕ್ಕೆ ಮುನ್ನ ಒಬ್ಬರೇ ಇಳಿಸಬಹುದೇ, ಮಾತಾಡಬೇಕಾದದ್ದು ಯಾರೊಂದಿಗೆ. ಉತ್ತರಗಳೇ ಆಂಟೆನಾ ಆರಿಸುತ್ತವೆ.

ನನ್ನ ಮಟ್ಟಿಗೆ ಅವು ಮಾಕ್ಸನ್ ಆರಿಸಿದವು. ಫೈಬರ್ ಕೋಲು, ತಾಮ್ರದ ತಂತಿ, ಒಂದು ಭಾನುವಾರ. ಮೇ ಮುಗಿಯುವ ಹೊತ್ತಿಗೆ ಹತ್ತು ನಿಮಿಷದಲ್ಲಿ ಮಡಚಿ ಮಂಚದ ಕೆಳಗಿಡುತ್ತೇನೆ. ಸೆಕ್ರೆಟರಿ ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ, ಈ ವರ್ಷ ಅದನ್ನು ಯಾವಾಗ ಮೇಲಕ್ಕೇರಿಸುತ್ತೀರಿ ಎಂದು ತಾವಾಗಿಯೇ ಕೇಳಿದರು. ಮೊಮ್ಮಗನಿಗೆ ತೋರಿಸಬೇಕಂತೆ.