ಕ್ಯೂಸೆಕ್ ಲೆಕ್ಕ, ಮೆಟ್ಟಿಲ ಲೆಕ್ಕ

ಮುಂಬೈಯಿಂದ ಊರಿಗೆ ಹೊರಟಾಗಲೆಲ್ಲ ಪುಣೆಯಲ್ಲಿ ಒಂದು ರಾತ್ರಿ ಇಳಿಯುವುದು ನನ್ನ ರೂಢಿ. ವಿಜಯಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ ಅಲ್ಲಿ ಸಿಂಹಗಡ ರಸ್ತೆಯ ಒಳಗಲ್ಲಿಯಲ್ಲಿ ಬಾಡಿಗೆಗಿದ್ದಾನೆ. ಜುಲೈ 24ರ ಬುಧವಾರ ರಾತ್ರಿ ಅವನ ಮನೆ ಮುಟ್ಟಿದಾಗ ಮಳೆ ಹೊಡೆಯುತ್ತಲೇ ಇತ್ತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಹಳೆಯ ಮಾತಾಡಿ ಮಲಗಿದೆವು.

ಬೆಳಗಿನ ಜಾವ ಅವನೇ ಎಬ್ಬಿಸಿದ: 'ಎದ್ದೇಳಪಾ, ಕೆಳಗ ನೀರ ಬಂದಾವ.'

ಎರಡನೇ ಮಹಡಿಯಿಂದ ಇಣುಕಿದರೆ ಪಾರ್ಕಿಂಗ್‌ನಲ್ಲಿದ್ದ ದ್ವಿಚಕ್ರ ವಾಹನಗಳ ಸೀಟು ಮಾತ್ರ ಕಾಣುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಅದೂ ಕಾಣದಾಯಿತು. ಕರೆಂಟು ಹೋಯಿತು. ನೆಲಮಹಡಿಯ ವೃದ್ಧ ದಂಪತಿಯನ್ನು ನಾಲ್ಕು ಜನ ಸೇರಿ ಮೇಲಕ್ಕೆ ತಂದೆವು. ಅಜ್ಜಿ ಕೈಯಲ್ಲಿ ಔಷಧಿಯ ಡಬ್ಬಿ ಬಿಟ್ಟರೆ ಬೇರೇನೂ ಇರಲಿಲ್ಲ. ಅಜ್ಜ ಒಂದೇ ಮಾತು ಆಡುತ್ತಿದ್ದರು: 'ಪಾನಶೇತ್, ಪಾನಶೇತ್.' 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿದಾಗ ಅವರು ಶಾಲೆಯ ಹುಡುಗ.

ಈ ಸಲ ಯಾವ ಅಣೆಕಟ್ಟೂ ಒಡೆದಿರಲಿಲ್ಲ. ಖಡಕ್‌ವಾಸ್ಲಾದಿಂದ ಮುಠಾ ನದಿಗೆ ನೀರು ಬಿಟ್ಟಿದ್ದರು. 25ರ ಬೆಳಿಗ್ಗೆ ಅದರ ಪ್ರಮಾಣ 35,000 ಕ್ಯೂಸೆಕ್ ದಾಟಿತ್ತು. ಏಕತಾ ನಗರಿಯ ಕಟ್ಟಡಗಳಿಗೆ ನೀರು ನುಗ್ಗಿ ಸೈನ್ಯವನ್ನು ಕರೆಸಬೇಕಾಯಿತು. ಡೆಕ್ಕನ್ ಸಮೀಪದ ಪುಲಾಚಿ ವಾಡಿಯಲ್ಲಿ ನೀರಿನಿಂದ ತಳ್ಳುಗಾಡಿ ಸರಿಸಲು ಹೋದ 3 ಮಂದಿ ವಿದ್ಯುತ್ ತಗುಲಿ ಸತ್ತರು. ಆಮೇಲೆ ನಡೆದದ್ದು ಗೊತ್ತಿರುವ ವಾದವೇ. ಎಚ್ಚರಿಕೆ ಕೊಟ್ಟಿದ್ದೆವು ಎಂದು ಒಂದು ಕಡೆ, ನಮಗೆ ಮುಟ್ಟಲೇ ಇಲ್ಲ ಎಂದು ಇನ್ನೊಂದು ಕಡೆ.

ನನ್ನ ಪ್ರಕಾರ ಎರಡೂ ನಿಜ ಇರಬಹುದು. ಬೇಡದ ಚರ್ಚೆಯೂ ಅಲ್ಲಿಯೇ ಇದೆ, ಬೇಕಾದ ಪಾಠವೂ ಅಲ್ಲಿಯೇ ಇದೆ.

ಮೊದಲು ನೀರು ಬಿಟ್ಟದ್ದು ತಪ್ಪೇ ನೋಡೋಣ. ಪಾನಶೇತ್, ವರಸಗಾಂವ್, ಟೆಮಘರ್ ಮೂರರ ಕೆಳಗೆ ಕೂತಿರುವ ಖಡಕ್‌ವಾಸ್ಲಾ ಬಹಳ ಸಣ್ಣ ಜಲಾಶಯ. ಹಿಡಿಯುವುದು ಸುಮಾರು 2 ಟಿಎಂಸಿ. 35,000 ಕ್ಯೂಸೆಕ್ ವೇಗದಲ್ಲಿ ನೀರು ಬಂದರೆ 8 ಗಂಟೆಗೆ ಒಂದು ಟಿಎಂಸಿ ಆಗುತ್ತದೆ. ಅಂದರೆ ಬರಿದಾಗಿದ್ದರೂ ಒಂದು ಹಗಲು, ಒಂದು ಸಂಜೆಯೊಳಗೆ ತುಂಬೀತು. ಘಟ್ಟದಲ್ಲಿ ಆ ಪರಿ ಮಳೆ ಸುರಿಯುವಾಗ, ಮೊದಲೇ ತುಂಬಿದ ಜಲಾಶಯದ ಬಾಗಿಲು ತೆರೆಯದೆ ಬೇರೆ ದಾರಿ ಇರಲಿಲ್ಲ. ಯಾವ ಹೊತ್ತಿಗೆ, ಎಷ್ಟೆಷ್ಟಾಗಿ ಬಿಡಬೇಕು, ಬಿಡುವುದನ್ನು ಯಾರಿಗೆ ಹೇಗೆ ಹೇಳಬೇಕು ಎಂಬುದಷ್ಟೇ ಮನುಷ್ಯರ ಕೈಯಲ್ಲಿತ್ತು.

ಹೇಳಿದ್ದು ಹೇಗೆ? ಮರುದಿನ ಆ ಕಟ್ಟಡದ ಒಬ್ಬ ಮಾಲೀಕರು ತಮ್ಮ ಮೊಬೈಲ್ ತೋರಿಸಿದರು. ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೆ ರಾತ್ರಿ ಯಾರೋ ಒಂದು ಸಂದೇಶ ದಾಟಿಸಿದ್ದರು. ಇಷ್ಟು ಕ್ಯೂಸೆಕ್ ಬಿಡಲಾಗುವುದು, ನದಿ ದಂಡೆಯವರು ಎಚ್ಚರದಿಂದಿರಿ ಎಂದು. 'ಓದಿದೆ, ಆದರೆ ನಾವು ನದಿ ದಂಡೆಯವರು ಅಂತ ನನಗೆ ಅನಿಸಲೇ ಇಲ್ಲ' ಎಂದರು. ನನ್ನ ಗೆಳೆಯನಿಗಂತೂ ಆ ಸಂದೇಶವೇ ಬಂದಿರಲಿಲ್ಲ. ಆ ಗುಂಪಿನಲ್ಲಿ ಮಾಲೀಕರು ಮಾತ್ರ. ಬಾಡಿಗೆದಾರರನ್ನು ಸೇರಿಸಿಲ್ಲ.

35,000 ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 10 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ನೂರು ಟ್ಯಾಂಕರುಗಳು ಪ್ರತಿ ಸೆಕೆಂಡಿಗೂ ನದಿಗೆ ಸುರಿದಂತೆ. ಹೀಗೆ ಬಿಡಿಸಿ ಹೇಳಿದರೂ ಅದು ನನ್ನ ಮನೆಯ ಯಾವ ಮೆಟ್ಟಿಲಿಗೆ ಬರುತ್ತದೆ ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದದ್ದು ಅದೊಂದೇ.

ಇದನ್ನು ನನಗೆ ಕಲಿಸಿದ್ದು ನನ್ನೂರು. ಇಂಡಿ ತಾಲ್ಲೂಕಿನ ಭೀಮಾ ದಂಡೆಯ ಆ ಊರಿನಲ್ಲಿ ಶಾಲೆ ಮೆಟ್ಟಿಲು ಹತ್ತದವರೂ ಕ್ಯೂಸೆಕ್ ಮಾತಾಡುತ್ತಾರೆ. ಉಜನಿಯಿಂದ ಇಷ್ಟು ಬಿಟ್ಟರೆ ಹೊಳೆಯ ಹೊಲಕ್ಕೆ, ಇಷ್ಟು ಬಿಟ್ಟರೆ ಹಣಮಪ್ಪನ ಗುಡಿಯ ಮೂರನೇ ಮೆಟ್ಟಿಲಿಗೆ, ಅದಕ್ಕೂ ಹೆಚ್ಚಾದರೆ ಊರು ಬಿಡಬೇಕು ಎಂಬ ಲೆಕ್ಕ ಅವರ ಬಾಯಲ್ಲಿದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ತಲಾಟಿ ಬಂದು ಹೇಳಿದರು, ಪಂಚಾಯಿತಿಯವರು ಡಂಗುರ ಹೊಡೆಸಿದರು. ಅವ್ವ ದನ ಬಿಚ್ಚಿಕೊಂಡು, ಜೋಳದ ಚೀಲ ಟ್ರ್ಯಾಕ್ಟರಿಗೆ ಹಾಕಿ ಕಾಳಜಿ ಕೇಂದ್ರಕ್ಕೆ ಹೋದಳು. ಮನೆಯ ಹಿಂದಿನ ಗೋಡೆ ಬಿತ್ತು, ಬೆಳೆ ಹೋಯಿತು, ಜೀವ ಉಳಿಯಿತು. ಅಣೆಕಟ್ಟಿನಿಂದ ಅಷ್ಟು ದೂರವಿರುವ ಊರಿಗೆ ಮುಟ್ಟುವ ಸುದ್ದಿ, ಅಣೆಕಟ್ಟಿನ ಕಾಲಬುಡದ ಮಹಾನಗರದಲ್ಲಿ ಮೂರು ಮಹಡಿ ಹತ್ತಲಿಲ್ಲ.

ನಾನು ಬ್ಯಾಂಕಿನವನು, ಗೃಹಸಾಲದ ಕಡತ ನೋಡುವವನು. ಹತ್ತು ರೂಪಾಯಿ ಖರ್ಚಾದರೂ ಗ್ರಾಹಕರ ಮೊಬೈಲಿಗೆ ಕ್ಷಣದಲ್ಲಿ ಸಂದೇಶ ಹೋಗುತ್ತದೆ. 2023ರಲ್ಲಿ ಸರ್ಕಾರವೇ ನಮ್ಮೆಲ್ಲರ ಮೊಬೈಲನ್ನು ಜೋರಾಗಿ ಕೂಗಿಸಿ ವಿಪತ್ತಿನ ಪರೀಕ್ಷಾ ಸಂದೇಶ ಕಳಿಸಿತ್ತು. ಒಂದು ಪ್ರದೇಶದಲ್ಲಿರುವ ಎಲ್ಲ ಮೊಬೈಲುಗಳಿಗೂ, ಮಾಲೀಕನದೋ ಬಾಡಿಗೆದಾರನದೋ ಎಂದು ಕೇಳದೆ, ಮುಟ್ಟುವ ವಿಧಾನ ಅದು. ತಂತ್ರಜ್ಞಾನದ ಕೊರತೆ ಇಲ್ಲ. 'ಬೆಳಗಿನ 5ಕ್ಕೆ ನಿಮ್ಮ ಗಲ್ಲಿಗೆ ಸೊಂಟದ ಮಟ್ಟ ನೀರು ಬರುತ್ತದೆ, ಈಗಲೇ ಮೇಲೆ ಹೋಗಿ' ಎಂದು ಬರೆಯುವ ಕೈ ಬೇಕು. ಹಾಗೆ ಬರೆಯಲು ಯಾವ ಪ್ರಮಾಣಕ್ಕೆ ಯಾವ ಗಲ್ಲಿ ಮುಳುಗುತ್ತದೆ ಎಂಬ ಪಟ್ಟಿ ಮೊದಲೇ ಸಿದ್ಧ ಇರಬೇಕು.

ಆ ಪಟ್ಟಿಗೆ ಬೇಕಾದ ಆಧಾರವೂ ಇದೆ. ಮಹಾರಾಷ್ಟ್ರದಲ್ಲಿ ನದಿಗಳಿಗೆ ನೀಲಿ ರೇಖೆ, ಕೆಂಪು ರೇಖೆ ಎಂದು ಗುರುತಿಸುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ ನೀಲಿ, 100 ವರ್ಷಕ್ಕೊಮ್ಮೆಯದು ಕೆಂಪು. ಇಷ್ಟು ವರ್ಷ ಗೃಹಸಾಲದ ಅರ್ಜಿ ನೋಡಿದ್ದೇನೆ. ವಾಸ್ತು ಕೇಳಿದವರಿದ್ದಾರೆ, ಮೆಟ್ರೊ ಎಷ್ಟು ದೂರ ಎಂದವರಿದ್ದಾರೆ. ಈ ರೇಖೆ ಮನೆಯ ಯಾವ ಮಗ್ಗುಲಿಗೆ ಬರುತ್ತದೆ ಎಂದು ನನ್ನೆದುರು ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ. ಆ ತಪ್ಪಿನಲ್ಲಿ ನನಗೂ ಪಾಲಿದೆ.

ಶುಕ್ರವಾರ ನೀರು ಇಳಿದ ಮೇಲೆ ಮಧ್ಯಾಹ್ನದವರೆಗೆ ನೆಲಮಹಡಿಯ ಕೆಸರು ಬಳಿದು, ಸೊಲ್ಲಾಪುರದ ಬಸ್ ಹತ್ತಿದೆ. ಭೀಮಾನಗರದ ಸೇತುವೆ ಮೇಲೆ ಬಸ್ ಹೋಗುವಾಗ ಕೆಳಗೆ ನೋಡಿದೆ. ಉಜನಿಯ ಕೆಳಗಿನ ನದಿಯಲ್ಲಿ ಬಂಡೆಗಳೇ ಕಾಣುತ್ತಿದ್ದವು. ಸುಮಾರು 117 ಟಿಎಂಸಿ ಹಿಡಿಯುವ ಆ ಜಲಾಶಯ 2024ರ ಬೇಸಿಗೆಯಲ್ಲಿ ಡೆಡ್ ಸ್ಟೋರೇಜಿಗಿಂತಲೂ ಕೆಳಗಿಳಿದಿತ್ತು. ಪುಣೆಯಿಂದ ಮುಠಾ, ಮುಳಾ-ಮುಠಾ, ಭೀಮಾ ಎಂದು ಹೆಸರು ಬದಲಿಸುತ್ತ ಬರುವ ನೀರೆಲ್ಲ ಅದರ ಹೊಟ್ಟೆ ಸೇರುತ್ತಿತ್ತು. ಧೂಳಖೇಡದ ಗಡಿ ದಾಟುವಾಗಲೂ ಹೊಳೆ ತೆಳ್ಳಗೇ ಇತ್ತು. 2023ರಲ್ಲಿ ಕರ್ನಾಟಕದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದು ಯಾರಿಗೆ ಮರೆತೀತು?

ಮನೆ ಮುಟ್ಟಿದಾಗ ಅವ್ವ ನನ್ನ ಕೆಸರಿನ ಚೀಲ ನೋಡಿ ಗಾಬರಿಯಾದಳು. ಎಲ್ಲ ಕೇಳಿ, ಆ ಅಜ್ಜ-ಅಜ್ಜಿ ಈಗ ಎಲ್ಲಿದ್ದಾರೆ ಎಂದು ವಿಚಾರಿಸಿದಳು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದಳು: 'ಆ ನೀರ ನಮ್ಮ ಕಡೆ ಯಾವಾಗ ಬರ್ತಾವಪಾ?'

ನನಗೆ ಸಿಟ್ಟು ಬರಲಿಲ್ಲ. ಗೆಳೆಯನ ಗಾಡಿ ಮುಳುಗಿಸಿದ ನೀರೇ ಅವ್ವನ ಕಬ್ಬಿನ ನೀರು. ಅದನ್ನು ಬಿಡಬೇಡಿ ಎನ್ನಲಾಗದು, ಹೇಳಿ ಬಿಡಿ ಎನ್ನಬಹುದು.

ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಬಹಳ ದಿನ ಕಾಯಬೇಕಾಗಲಿಲ್ಲ. ಆಗಸ್ಟ್ 4ರ ಭಾನುವಾರ ಖಡಕ್‌ವಾಸ್ಲಾದಿಂದ ಮತ್ತೆ ಭಾರಿ ನೀರು ಬಿಟ್ಟರು, ಏಕತಾ ನಗರಿಗೆ ಮತ್ತೆ ಸೈನ್ಯ ಬಂತು. ಗೆಳೆಯನ ಗಲ್ಲಿಯಲ್ಲಿ ಈ ಸಲ ಮೊದಲೇ ಧ್ವನಿವರ್ಧಕದಲ್ಲಿ ಕೂಗಿ ಹೋಗಿದ್ದರು. ಗಾಡಿಗಳನ್ನು ಎತ್ತರದ ರಸ್ತೆಗೆ ಒಯ್ದಿದ್ದರು, ಅಜ್ಜ-ಅಜ್ಜಿ ಮಗಳ ಮನೆಗೆ ಹೋಗಿದ್ದರು. ಕಂಬದ ಮೇಲೆ ಜುಲೈ 25ರ ನೀರಿನ ಮಟ್ಟಕ್ಕೆ ಯಾರೋ ಕೆಂಪು ಬಣ್ಣದ ಗೆರೆ ಎಳೆದಿದ್ದಾರಂತೆ. ಗುಂಪಿಗೆ ಬಾಡಿಗೆದಾರರನ್ನೂ ಸೇರಿಸಿದ್ದಾರೆ.

ಪರವೂರಿನಲ್ಲಿರುವ ನಮ್ಮಲ್ಲಿ ಬಹಳ ಮಂದಿ ಬಾಡಿಗೆದಾರರೇ. ನಿಮ್ಮ ಕಟ್ಟಡದ ಗುಂಪಿನಲ್ಲಿ ನಿಮ್ಮ ಸಂಖ್ಯೆ ಇದೆಯೇ, ಹತ್ತಿರದ ನದಿಗೋ ಕೆರೆಗೋ ನಿಮ್ಮ ಮನೆ ಎಷ್ಟು ಮೆಟ್ಟಿಲು ಮೇಲಿದೆ, ಇಂದು ಸಂಜೆ ವಿಚಾರಿಸಿ.